ಸ್ಟ್ಯಾನ್ಲಿ ಕುಬ್ರಿಕ್ ಚಿತ್ರಗಳನ್ನು ನೋಡಿ ಸವಿಯುವ ಬಗೆ

ಸ್ಟ್ಯಾನ್ಲಿ ಕುಬ್ರಿಕ್ ಎಂಬ ಹೆಸರು ಬಂದಲ್ಲೆಲ್ಲ ಅವರ ಹಟದ ಕಥೆಗಳೂ ಬೆನ್ನಿಗೇ ಬರುತ್ತವೆ. ಒಂದೇ ಶಾಟನ್ನು ಹತ್ತಾರು ಸಲ ತೆಗೆಸುತ್ತಿದ್ದರು, ಜಾಹೀರಾತಿನಿಂದ ಹಿಡಿದು ಪರಭಾಷೆಯ ಡಬ್ಬಿಂಗ್‌ವರೆಗೆ ಎಲ್ಲದರ ಮೇಲೂ ಕಣ್ಣಿಟ್ಟಿರುತ್ತಿದ್ದರು, 1953ರಿಂದ 1999ರವರೆಗಿನ ಅವಧಿಯಲ್ಲಿ ಕೇವಲ 13 ಕಥಾಚಿತ್ರಗಳನ್ನು ಮಾಡಿದರು ಎಂಬ ಸಂಗತಿಗಳನ್ನು ಸಿನಿಮಾಪ್ರಿಯರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಲೇ ಇರುತ್ತಾರೆ. ಈ ಕಥೆಗಳನ್ನು ಕೇಳಿ ಉತ್ಸಾಹದಿಂದ ಚಿತ್ರ ಹಾಕಿಕೊಂಡು ಕುಳಿತವರಲ್ಲಿ ಅನೇಕರು ಅರ್ಧ ಗಂಟೆಯೊಳಗೆ ಬೇಸರಗೊಂಡು ಎದ್ದುಬಿಡುತ್ತಾರೆ. ನಿರ್ದೇಶಕ ಎಷ್ಟು ಶ್ರಮಪಟ್ಟ ಎಂಬುದು ಗೊತ್ತಿದ್ದ ಮಾತ್ರಕ್ಕೆ ಆ ಶ್ರಮ ಪರದೆಯ ಮೇಲೆ ಎಲ್ಲಿದೆ ಎಂಬುದು ಗೊತ್ತಾಗುವುದಿಲ್ಲ. ಅದನ್ನು ಕಣ್ಣು ಕಿವಿಗಳಿಂದಲೇ ಕಂಡುಕೊಳ್ಳಬೇಕು. ಅದಕ್ಕೆ ಒಂದು ಕ್ರಮವನ್ನು ಇಲ್ಲಿ ಸೂಚಿಸುತ್ತಿದ್ದೇನೆ.

ಕ್ರಮಕ್ಕೆ ಹೋಗುವ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕುಬ್ರಿಕ್ ತಲೆಯಲ್ಲಿ ಮೊದಲೇ ಸಿದ್ಧವಾಗಿದ್ದ ಚಿತ್ರವನ್ನು ಒಂದು ಗೆರೆಯೂ ತಪ್ಪದಂತೆ ಪರದೆಗೆ ಇಳಿಸುತ್ತಿದ್ದರೆಂದು ಹಲವರು ಭಾವಿಸಿದ್ದಾರೆ. ಅವರ ಕೆಲಸದ ರೀತಿಯನ್ನು ಗಮನಿಸಿದರೆ ಬೇರೆಯೇ ತೋರುತ್ತದೆ: ತಾವು ಏನನ್ನು ಹುಡುಕುತ್ತಿದ್ದೇವೆ ಎಂಬುದು ಕಣ್ಣೆದುರಿಗೆ ಬರುವವರೆಗೂ ಅವರು ಹುಡುಕುತ್ತಲೇ ಇರುತ್ತಿದ್ದರು. ‘2001: ಎ ಸ್ಪೇಸ್ ಒಡಿಸಿ’ 1968ರ ಏಪ್ರಿಲ್‌ನಲ್ಲಿ ಮೊದಲ ಪ್ರದರ್ಶನ ಕಂಡ ಮೇಲೂ ಅವರು ಅದರಿಂದ ಸುಮಾರು 19 ನಿಮಿಷಗಳ ಭಾಗವನ್ನು ಕತ್ತರಿಸಿ ತೆಗೆದರು. ಅದೇ ಚಿತ್ರಕ್ಕಾಗಿ ಅಲೆಕ್ಸ್ ನಾರ್ತ್ ಎಂಬ ಹೆಸರಾಂತ ಸಂಗೀತಗಾರರಿಂದ ಹೊಸ ಸಂಗೀತ ಬರೆಸಿ, ಬಳಿಕ ಅದನ್ನು ಬಿಟ್ಟು, ಸಂಕಲನದ ಹೊತ್ತಿನಲ್ಲಿ ತಾತ್ಕಾಲಿಕವಾಗಿ ಬಳಸುತ್ತಿದ್ದ ಧ್ವನಿಮುದ್ರಿಕೆಗಳ ಸಂಗೀತವನ್ನೇ ಉಳಿಸಿಕೊಂಡರು. ಹುಡುಕುತ್ತಾ ಮಾಡಿದ ಚಿತ್ರವನ್ನು ನೋಡುವವರೂ ಸ್ವಲ್ಪ ಹುಡುಕಬೇಕಾಗುತ್ತದೆ, ಒಂದೇ ಸಲಕ್ಕೆ ಮುಗಿಯಿತೆಂದು ಎದ್ದುಹೋಗಬಾರದು.

ಯಾವುದರಿಂದ ಆರಂಭಿಸಬೇಕು

ಹೆಚ್ಚಿನವರು ‘2001’ರಿಂದಲೋ ‘ದಿ ಶೈನಿಂಗ್’ನಿಂದಲೋ ಆರಂಭಿಸುತ್ತಾರೆ. ನನ್ನ ಸಲಹೆ ‘ಪಾತ್ಸ್ ಆಫ್ ಗ್ಲೋರಿ’. 1957ರ ಈ ಕಪ್ಪುಬಿಳುಪು ಚಿತ್ರ ಕೇವಲ 88 ನಿಮಿಷಗಳದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರೆಂಚ್ ಸೇನೆಯ ಮೇಲಧಿಕಾರಿಗಳು ಅಸಾಧ್ಯವಾದ ದಾಳಿಯೊಂದಕ್ಕೆ ಆಜ್ಞೆ ಕೊಟ್ಟು, ಅದು ವಿಫಲವಾದಾಗ ಮೂವರು ಸೈನಿಕರನ್ನು ಹೇಡಿಗಳೆಂದು ವಿಚಾರಣೆಗೆ ಗುರಿಪಡಿಸುವ ಕಥೆ ಇದು. ಫ್ರಾನ್ಸ್‌ನಲ್ಲಿ 1975ರವರೆಗೆ ಇದು ತೆರೆ ಕಾಣಲಿಲ್ಲ. ಕಥೆ ನೇರವಾಗಿರುವುದರಿಂದ ಕ್ಯಾಮೆರಾದ ಕಡೆಗೆ ಗಮನ ಕೊಡುವುದಕ್ಕೆ ನಮಗೆ ಬಿಡುವು ಸಿಗುತ್ತದೆ. ಕಂದಕದೊಳಗೆ ಅಧಿಕಾರಿ ನಡೆದು ಬರುವಾಗ ಕ್ಯಾಮೆರಾ ಅವನ ಮುಂದೆ ಮುಂದೆ ಹಿಂದಕ್ಕೆ ಸರಿಯುತ್ತಾ ಸಾಗುವುದನ್ನೂ, ಎರಡೂ ಬದಿಯ ಮಣ್ಣಿನ ಗೋಡೆಗಳು ನೋಡುವವರನ್ನೇ ಒತ್ತುವಂತೆ ಭಾಸವಾಗುವುದನ್ನೂ ಗಮನಿಸಿ. ವಿಚಾರಣೆಯ ದೃಶ್ಯಕ್ಕೆ ಬಂದರೆ, ಅರಮನೆಯ ವಿಶಾಲ ಸಭಾಂಗಣದ ನೆಲ ಚದುರಂಗದ ಮಣೆಯ ಹಾಗೆ ಕಪ್ಪುಬಿಳಿ ಚೌಕಗಳಿಂದ ಕೂಡಿದೆ, ಅದರ ಮೇಲೆ ನಿಂತ ಸೈನಿಕರು ಪುಟ್ಟದಾಗಿ ಕಾಣುತ್ತಾರೆ. ಕುಬ್ರಿಕ್ ಎಳವೆಯಿಂದಲೂ ಚದುರಂಗದ ಆಟಗಾರರಾಗಿದ್ದರು. ಸಿನಿಮಾಕ್ಕೆ ಬರುವ ಮೊದಲು ‘ಲುಕ್’ ಪತ್ರಿಕೆಯ ಛಾಯಾಗ್ರಾಹಕರೂ ಆಗಿದ್ದರು. ಈ ಎರಡು ಅಭ್ಯಾಸಗಳೂ ಆ ಒಂದು ಚೌಕಟ್ಟಿನಲ್ಲಿ ಸೇರಿಕೊಂಡಿವೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಆಮೇಲೆ 1964ರ ‘ಡಾಕ್ಟರ್ ಸ್ಟ್ರೇಂಜ್‌ಲವ್’ ನೋಡಬಹುದು. ಅಣುಯುದ್ಧದ ಭೀತಿಯನ್ನು ಹಾಸ್ಯಕ್ಕೆ ಒಡ್ಡಿದ ಈ ಚಿತ್ರದಲ್ಲಿ ಪೀಟರ್ ಸೆಲರ್ಸ್ ಮೂರು ಪಾತ್ರಗಳನ್ನು ವಹಿಸಿದ್ದಾರೆ. ಇಲ್ಲಿ ಕೆನ್ ಆಡಂ ವಿನ್ಯಾಸಗೊಳಿಸಿದ ಯುದ್ಧಸಮಾಲೋಚನೆಯ ಕೋಣೆಯನ್ನು ನೋಡಬೇಕು. ದೊಡ್ಡ ದುಂಡು ಮೇಜು, ಅದರ ಮೇಲೆ ತೂಗುಬಿಟ್ಟ ದೀಪಗಳ ಬಳೆ, ಆ ದೀಪಗಳ ಬೆಳಕೇ ಸುತ್ತ ಕುಳಿತವರ ಮುಖಗಳಿಗೆ ಆಧಾರ. ಕಪ್ಪುಬಿಳುಪು ಚಿತ್ರವಾದರೂ ಆ ಮೇಜಿಗೆ ಕುಬ್ರಿಕ್ ಹಸಿರು ಬಟ್ಟೆಯನ್ನೇ ಹೊದಿಸಿದ್ದರು: ಜಗತ್ತಿನ ಭವಿಷ್ಯವನ್ನು ಪಣಕ್ಕಿಟ್ಟು ಇಸ್ಪೀಟು ಆಡುತ್ತಿದ್ದೇವೆ ಎಂಬ ಭಾವ ನಟರಿಗೆ ಬರಲಿ ಎಂಬುದು ಅದರ ಉದ್ದೇಶ. ಪ್ರೇಕ್ಷಕರಿಗೆ ಕಾಣದ ಬಣ್ಣ ನಟರ ಕೂರುವ ಭಂಗಿಯಲ್ಲಿ, ಅಕ್ಕಪಕ್ಕದವರನ್ನು ಅಳೆಯುವ ನೋಟದಲ್ಲಿ ಕಾಣಿಸಿಕೊಳ್ಳುತ್ತದೆ.

ಈ ಎರಡನ್ನು ನೋಡಿದ ಮೇಲೆ ‘ಬ್ಯಾರಿ ಲಿಂಡನ್’, ‘2001’, ‘ದಿ ಶೈನಿಂಗ್’ಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ನೋಡಬಹುದು. ಮೊದಲ ಕಥಾಚಿತ್ರ ‘ಫಿಯರ್ ಆ್ಯಂಡ್ ಡಿಸೈರ್’ ಅನ್ನು ಕುಬ್ರಿಕ್ ಅವರೇ ಮುಂದೆ ಚಲಾವಣೆಯಿಂದ ಹಿಂತೆಗೆದುಕೊಂಡಿದ್ದರು. 1960ರ ‘ಸ್ಪಾರ್ಟಕಸ್’ ಬೇರೆ ನಿರ್ದೇಶಕರೊಬ್ಬರು ಆರಂಭಿಸಿ, ಅವರನ್ನು ತೆಗೆದುಹಾಕಿದ ಮೇಲೆ ಇವರು ಮುಂದುವರಿಸಿದ ಚಿತ್ರ, ಅದರ ಮೇಲೆ ಇವರಿಗೆ ಪೂರ್ಣ ಹಿಡಿತವಿರಲಿಲ್ಲ. ಇವೆರಡನ್ನೂ ನಂತರಕ್ಕೆ ಇಟ್ಟುಕೊಂಡರೆ ನಷ್ಟವಿಲ್ಲ. ‘ಎ ಕ್ಲಾಕ್‌ವರ್ಕ್ ಆರೆಂಜ್’ನಲ್ಲಿ ಹಿಂಸೆ ಮತ್ತು ಲೈಂಗಿಕ ದೌರ್ಜನ್ಯದ ದೃಶ್ಯಗಳಿವೆ. ಅದನ್ನು ಮನೆಮಂದಿಯೊಂದಿಗೆ ಕುಳಿತು ನೋಡಲಾಗದು, ಒಬ್ಬರೇ ನೋಡುವಾಗಲೂ ಮನಸ್ಸನ್ನು ಸಿದ್ಧಪಡಿಸಿಕೊಂಡಿರಬೇಕು.

ನೋಡುವ ಏರ್ಪಾಡು

ದೊಡ್ಡ ಪರದೆಯ ಪ್ರದರ್ಶನ ಎಲ್ಲಿಯಾದರೂ ಏರ್ಪಟ್ಟರೆ, ಮುಖ್ಯವಾಗಿ ‘2001’ಕ್ಕೆ, ದೂರವಾದರೂ ಹೋಗಿ. ಅದು 70 ಎಂಎಂ ಪ್ರದರ್ಶನಕ್ಕೆಂದೇ ಚಿತ್ರಿಸಿದ ಸಿನಿಮಾ. ಮನೆಯಲ್ಲಿ ನೋಡುವುದಾದರೆ ಕೆಲವು ಸಣ್ಣ ಕೆಲಸಗಳಿವೆ. ಹೊಸ ಟಿವಿಗಳಲ್ಲಿ ಚಲನೆಯನ್ನು ನಯಗೊಳಿಸುವ ಸೌಲಭ್ಯ ತಾನಾಗಿ ಚಾಲೂ ಆಗಿರುತ್ತದೆ, ಅದು ಸಿನಿಮಾವನ್ನು ಧಾರಾವಾಹಿಯಂತೆ ಕಾಣಿಸುತ್ತದೆ, ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆರಿಸಬೇಕು. ಬಣ್ಣಗಳನ್ನು ಢಾಳಾಗಿ ತೋರಿಸುವ ಆಯ್ಕೆಯನ್ನು ಬಿಟ್ಟು ಸಿನಿಮಾಕ್ಕೆಂದು ಇರುವ ಆಯ್ಕೆಯನ್ನು ಹಾಕಿಕೊಳ್ಳಬೇಕು. ಮೇಲೆ ಕೆಳಗೆ ಅಥವಾ ಅಕ್ಕಪಕ್ಕ ಕಪ್ಪು ಪಟ್ಟಿ ಬಂತೆಂದು ಚಿತ್ರವನ್ನು ಹಿಗ್ಗಿಸಬಾರದು. ಕುಬ್ರಿಕ್ ಚೌಕಟ್ಟಿನ ಅಂಚಿನವರೆಗೂ ಲೆಕ್ಕ ಹಾಕಿ ವಸ್ತುಗಳನ್ನು ಇಟ್ಟವರು, ಅಂಚು ಕತ್ತರಿಸಿಹೋದರೆ ಸಮತೋಲವೇ ಕೆಡುತ್ತದೆ. ಕೋಣೆಯ ದೀಪಗಳನ್ನು ಆರಿಸಿ, ಫೋನನ್ನು ಇನ್ನೊಂದು ಕೋಣೆಯಲ್ಲಿಡಿ.

‘2001’ರ ಆರಂಭದಲ್ಲಿ ಪರದೆ ಕೆಲ ನಿಮಿಷ ಕಪ್ಪಾಗಿಯೇ ಇದ್ದು ಸಂಗೀತ ಮಾತ್ರ ಕೇಳಿಸುತ್ತದೆ. ಅದು ದೋಷವಲ್ಲ, ಅದನ್ನು ಓಡಿಸಬೇಡಿ. ‘ದಿ ಶೈನಿಂಗ್’ ಎರಡು ಅಳತೆಗಳಲ್ಲಿ ಸಿಗುತ್ತದೆ: ಅಮೆರಿಕದಲ್ಲಿ ತೆರೆ ಕಂಡ ಸುಮಾರು 144 ನಿಮಿಷಗಳದ್ದು ಮತ್ತು ಯುರೋಪಿಗಾಗಿ ಕುಬ್ರಿಕ್ ಅವರೇ ಮೊಟಕುಗೊಳಿಸಿದ ಸುಮಾರು 119 ನಿಮಿಷಗಳದ್ದು. ಮೊದಲು ಉದ್ದನೆಯದನ್ನು ನೋಡಿ, ಮುಂದೆ ಚಿಕ್ಕದು ಸಿಕ್ಕಿದರೆ ಅದನ್ನೂ ನೋಡಿ, ಏನನ್ನು ಬಿಟ್ಟರೆ ಭಯ ಬೇರೆಯಾಗುತ್ತದೆ ಎಂಬುದು ಆಗ ತಿಳಿಯುತ್ತದೆ. ಇಂಗ್ಲಿಷಿನ ಉಚ್ಚಾರಣೆ ಹಿಡಿತಕ್ಕೆ ಸಿಗದವರು ಸಬ್‌ಟೈಟಲ್ ಹಾಕಿಕೊಳ್ಳಲು ಸಂಕೋಚಪಡಬೇಕಿಲ್ಲ. ‘ಬ್ಯಾರಿ ಲಿಂಡನ್’ನ ನಿರೂಪಕನ ಮಾತಿಗೆ ಅದು ಬೇಕೇ ಬೇಕು.

ಮೊದಲ ಸಲ ನೋಡುವಾಗ ನಿಲ್ಲಿಸದೆ ನೋಡಿ. ತಂತ್ರದ ಕಡೆಗೆ ಮನಸ್ಸು ಕೊಡಬೇಡಿ, ಅರ್ಥವೇನೆಂದು ಪದೇ ಪದೇ ಕೇಳಿಕೊಳ್ಳಬೇಡಿ. ‘2001’ರಲ್ಲಿ ಮೊದಲ ಸುಮಾರು 25 ನಿಮಿಷ ಒಂದು ಮಾತೂ ಇಲ್ಲ, ಅಷ್ಟು ಹೊತ್ತು ಮಾತಿಲ್ಲದೆ ಇರುವುದಕ್ಕೆ ಮನಸ್ಸು ಒಗ್ಗಿಕೊಳ್ಳುವುದೇ ಆ ಸಲದ ಕೆಲಸ. ಮುಗಿದ ಮೇಲೆ ಬೇರೆಯವರ ವಿವರಣೆಗಳನ್ನು ಹುಡುಕುವ ಮೊದಲು, ಮನಸ್ಸಿನಲ್ಲಿ ಉಳಿದ ಒಂದು ದೃಶ್ಯವನ್ನು ನಿಮ್ಮ ಮಾತಿನಲ್ಲಿ ಬರೆದಿಡಿ: ಯಾರು ಎಲ್ಲಿ ನಿಂತಿದ್ದರು, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಏನು ಕೇಳಿಸುತ್ತಿತ್ತು. ಎರಡನೆಯ ಸಲ ನೋಡುವಾಗ ಆ ಬರಹವನ್ನು ಎದುರಿಗಿಟ್ಟುಕೊಂಡು ಅದೇ ದೃಶ್ಯವನ್ನು ಮಾತ್ರ ನಿಲ್ಲಿಸಿ ನಿಲ್ಲಿಸಿ ನೋಡಿ. ನೆನಪು ಬಿಟ್ಟುಕೊಟ್ಟದ್ದು ಏನು ಎಂಬುದರಲ್ಲಿಯೇ ನಿರ್ದೇಶಕರ ಕೈಚಳಕ ಹೆಚ್ಚಾಗಿ ಅಡಗಿರುತ್ತದೆ. ಇಬ್ಬರು ಮೂವರು ಸೇರಿ ಹೀಗೆ ಮಾಡಿದರೆ ಇನ್ನೂ ಒಳ್ಳೆಯದು. ಸಿನಿಮಾ ಕುಳಿತು ಕಲಿಯಬಹುದಾದ ಕಲೆ ಎಂಬುದನ್ನು ಹೆಗ್ಗೋಡಿನ ನೀನಾಸಂ ತನ್ನ ಚಲನಚಿತ್ರ ರಸಗ್ರಹಣ ಶಿಬಿರಗಳ ಮೂಲಕ ಕನ್ನಡಿಗರಿಗೆ ಬಹಳ ಹಿಂದೆಯೇ ತೋರಿಸಿಕೊಟ್ಟಿದೆ.

ಮೇಣದಬತ್ತಿಯ ಬೆಳಕಿನಲ್ಲಿ

ಒಂದೇ ಚಿತ್ರವನ್ನು ಆಳವಾಗಿ ನೋಡುವುದಾದರೆ ಅದು 1975ರ ‘ಬ್ಯಾರಿ ಲಿಂಡನ್’ ಆಗಲಿ ಎಂದು ಒತ್ತಿ ಹೇಳುತ್ತೇನೆ. ಹದಿನೆಂಟನೆಯ ಶತಮಾನದ ಐರ್ಲೆಂಡಿನ ಯುವಕನೊಬ್ಬ ಸೈನ್ಯ, ಜೂಜು, ಶ್ರೀಮಂತ ವಿವಾಹಗಳ ಮೂಲಕ ಮೇಲೇರಿ ಮತ್ತೆ ಕೆಳಗೆ ಬೀಳುವ ಮೂರು ಗಂಟೆಗಳ ಕಥೆ ಇದು. ಥ್ಯಾಕರೆಯ ಮೂಲ ಕಾದಂಬರಿಯಲ್ಲಿ ಬ್ಯಾರಿಯೇ ತನ್ನ ಕಥೆಯನ್ನು ಹೇಳಿಕೊಂಡರೆ, ಚಿತ್ರದಲ್ಲಿ ಹೊರಗಿನ ನಿರೂಪಕನೊಬ್ಬ ಹೇಳುತ್ತಾನೆ, ಮುಂದೆ ಬರಲಿರುವ ದುಃಖವನ್ನು ಎಷ್ಟೋ ಸಲ ಮೊದಲೇ ತಿಳಿಸಿಬಿಡುತ್ತಾನೆ. ಮುಂದೇನಾಗುವುದೋ ಎಂಬ ಕುತೂಹಲವನ್ನು ಕುಬ್ರಿಕ್ ಹೀಗೆ ತಾವೇ ಕೈಯಾರೆ ತೆಗೆದುಹಾಕಿದ್ದಾರೆ. ಆದ್ದರಿಂದ ನೋಡುವವರಿಗೆ ಉಳಿಯುವುದು, ಅದು ಹೇಗಾಗುತ್ತದೆ ಎಂಬುದನ್ನು ತಾಳ್ಮೆಯಿಂದ ಕಾಣುವ ಕೆಲಸ.

ವಿದ್ಯುತ್ತಿಲ್ಲದ ಕಾಲದ ರಾತ್ರಿಗಳನ್ನು ಮೇಣದಬತ್ತಿಯ ಬೆಳಕಿನಲ್ಲಿಯೇ ಚಿತ್ರಿಸಬೇಕೆಂಬುದು ಕುಬ್ರಿಕ್ ಅವರ ಆಸೆಯಾಗಿತ್ತು. ಆಗಿನ ಫಿಲ್ಮಿಗೂ ಲೆನ್ಸುಗಳಿಗೂ ಅಷ್ಟು ಮಂದ ಬೆಳಕು ಸಾಲುತ್ತಿರಲಿಲ್ಲ. ಚಂದ್ರಯಾನದ ಅಪೊಲೊ ಕಾರ್ಯಕ್ರಮಕ್ಕಾಗಿ ಝೈಸ್ ಕಂಪನಿ ನಾಸಾಗೆ ತಯಾರಿಸಿಕೊಟ್ಟಿದ್ದ 50 ಎಂಎಂ ಲೆನ್ಸುಗಳ ಅಪರ್ಚರ್ ಸಂಖ್ಯೆ 0.7. ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ, 1.4ರ ಲೆನ್ಸಿಗೆ ಹೋಲಿಸಿದರೆ ಇದು ನಾಲ್ಕು ಪಟ್ಟು ಬೆಳಕನ್ನು ಬಿಡುತ್ತದೆ. ಕುಬ್ರಿಕ್ ಅಂಥ ಮೂರು ಲೆನ್ಸುಗಳನ್ನು ಕೊಂಡರು. ಅವು ಸಿನಿಮಾ ಕ್ಯಾಮೆರಾಕ್ಕೆ ಕೂರುವಂಥವಾಗಿರಲಿಲ್ಲವಾದ್ದರಿಂದ ಎಡ್ ಡಿಜುಲಿಯೊ ಎಂಬ ತಂತ್ರಜ್ಞರು ಮಿಚೆಲ್ ಕ್ಯಾಮೆರಾವನ್ನೇ ಮಾರ್ಪಡಿಸಿ ಲೆನ್ಸನ್ನು ಅದಕ್ಕೆ ಹೊಂದಿಸಿಕೊಟ್ಟರು. ಛಾಯಾಗ್ರಾಹಕ ಜಾನ್ ಆಲ್ಕಾಟ್ ಈ ಚಿತ್ರಕ್ಕೆ ಆಸ್ಕರ್ ಪಡೆದರು.

ಇಷ್ಟನ್ನು ತಿಳಿದುಕೊಂಡು ಜೂಜಿನ ಮೇಜಿನ ದೃಶ್ಯಕ್ಕೆ ಬನ್ನಿ. ಇಷ್ಟು ತೆರೆದ ಲೆನ್ಸಿನಲ್ಲಿ ಫೋಕಸ್‌ನ ಆಳ ಬಹಳ ಕಡಿಮೆ, ನಟರು ಸ್ವಲ್ಪ ಮುಂದಕ್ಕೋ ಹಿಂದಕ್ಕೋ ಬಾಗಿದರೂ ಮುಖ ಮಸುಕಾಗುತ್ತದೆ. ಹಾಗಾಗಿ ಎಲ್ಲರೂ ಅಲುಗದೆ ಕುಳಿತಿದ್ದಾರೆ, ಕಣ್ಣುಗಳು ಮಾತ್ರ ಚಲಿಸುತ್ತವೆ. ತಂತ್ರದ ಈ ಕಟ್ಟುಪಾಡು ಆ ಸಮಾಜದ ಕಟ್ಟುಪಾಡೇ ಆಗಿ ಪರಿಣಮಿಸಿರುವುದು ಈ ದೃಶ್ಯದ ಸೊಗಸು. ಪೌಡರ್ ಬಳಿದ ಮುಖಗಳ ಆ ಶ್ರೀಮಂತರು ಬಾಯಿ ಬಿಟ್ಟು ಹೇಳಲಾರದ್ದನ್ನೆಲ್ಲ ನೋಟದಲ್ಲಿಯೇ ಹೇಳಬೇಕು. ಮೇಜಿನ ಆಚೆ ಬ್ಯಾರಿ ಮುಂದೆ ಮದುವೆಯಾಗುವ ಶ್ರೀಮಂತೆ ಲೇಡಿ ಲಿಂಡನ್, ಈಚೆ ಬ್ಯಾರಿ, ಅವರ ನೋಟಗಳು ಸೇರುತ್ತವೆ, ಬೇರೆಯಾಗುತ್ತವೆ, ಮತ್ತೆ ಸೇರುತ್ತವೆ. ಆಕೆ ಗಾಳಿಗೆಂದು ಹೊರಗೆ ಹೋಗುತ್ತಾಳೆ, ಸ್ವಲ್ಪ ಹೊತ್ತಿನ ಬಳಿಕ ಅವನು ಹಿಂಬಾಲಿಸುತ್ತಾನೆ, ಇಬ್ಬರೂ ಒಂದು ಮಾತನ್ನೂ ಆಡದೆ ಹತ್ತಿರವಾಗುತ್ತಾರೆ. ಹಿನ್ನೆಲೆಯಲ್ಲಿ ಶೂಬರ್ಟ್‌ನ ಪಿಯಾನೊ ಟ್ರಿಯೊ. ಅದು 1827ರ ರಚನೆ, ಕಥೆಯ ಕಾಲಕ್ಕಿಂತ ಈಚಿನದು. ಬಟ್ಟೆಯ ಹೊಲಿಗೆಯಿಂದ ಹಿಡಿದು ದೀಪದವರೆಗೆ ಕಾಲಕ್ಕೆ ನಿಷ್ಠರಾಗಿದ್ದ ಕುಬ್ರಿಕ್, ಆ ದೃಶ್ಯಕ್ಕೆ ಬೇಕಾದ ವಿಷಾದ ತುಂಬಿದ ಪ್ರೇಮದ ರಾಗ ಹದಿನೆಂಟನೆಯ ಶತಮಾನದಲ್ಲಿ ಸಿಗಲಿಲ್ಲವೆಂದು ಇಲ್ಲಿ ಕಾಲವನ್ನು ದಾಟಿದರು. ಅವರ ಪರಿಪೂರ್ಣತೆಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಿಯಮವನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರೇ, ದೃಶ್ಯದ ಭಾವಕ್ಕೆ ಅದು ಅಡ್ಡ ಬಂದಾಗ ಬಿಟ್ಟುಕೊಟ್ಟರು.

ಇದೇ ಚಿತ್ರದಲ್ಲಿ ಜೂಮ್‌ನ ಬಳಕೆಯನ್ನೂ ಗಮನಿಸಿ. ಹಲವು ದೃಶ್ಯಗಳು ಒಂದು ಸಣ್ಣ ವಸ್ತುವಿನಿಂದಲೋ ಮುಖದಿಂದಲೋ ಆರಂಭವಾಗಿ, ನಿಧಾನವಾಗಿ ಹಿಂದಕ್ಕೆ ಸರಿಯುತ್ತಾ ಹೋಗಿ, ಕೊನೆಗೆ ಮನುಷ್ಯರು ವಿಶಾಲವಾದ ಭೂದೃಶ್ಯದಲ್ಲಿ ಚುಕ್ಕೆಗಳಂತೆ ಉಳಿಯುತ್ತಾರೆ. ಬ್ಯಾರಿ ಕ್ಯಾಪ್ಟನ್ ಕ್ವಿನ್ ಎಂಬ ಸೇನಾಧಿಕಾರಿಯೊಂದಿಗೆ ನಡೆಸುವ ದ್ವಂದ್ವಯುದ್ಧ ಹೀಗೆಯೇ ಪಿಸ್ತೂಲಿನಿಂದ ಶುರುವಾಗುತ್ತದೆ. ಆ ಕಾಲದ ಇಂಗ್ಲಿಷ್ ವರ್ಣಚಿತ್ರಗಳನ್ನು, ಗೇನ್ಸ್‌ಬರೊ ಮತ್ತು ಹೊಗಾರ್ತ್ ಅವರ ಕೃತಿಗಳನ್ನು, ಅಂತರ್ಜಾಲದಲ್ಲಿ ಒಂದಷ್ಟು ಹೊತ್ತು ನೋಡಿ ಬಂದರೆ ಈ ಚೌಕಟ್ಟುಗಳ ಬೇರು ಎಲ್ಲಿದೆ ಎಂಬುದು ತಿಳಿಯುತ್ತದೆ. ಆದರೆ ಇಡೀ ಚಿತ್ರವನ್ನು ಚಿತ್ರಪಟಗಳ ಸರಣಿಯೆಂದು ಹೊಗಳಿ ಸುಮ್ಮನಾಗುವವರೊಂದಿಗೆ ನನ್ನ ತಕರಾರಿದೆ. ಕೊನೆಯ ದ್ವಂದ್ವಯುದ್ಧವನ್ನು ನೋಡಿ. ಕಾದಂಬರಿಯಲ್ಲಿಲ್ಲದ ಈ ದೃಶ್ಯ ಪಾರಿವಾಳಗಳು ಗುಟುರು ಹಾಕುವ ಹಳೆಯ ಕಣಜವೊಂದರಲ್ಲಿ ನಡೆಯುತ್ತದೆ. ಬ್ಯಾರಿಯ ಮಲಮಗ ಬುಲಿಂಗ್ಡನ್‌ಗೆ ಮೊದಲ ಗುಂಡಿನ ಹಕ್ಕು ಸಿಗುತ್ತದೆ, ಅವನ ಪಿಸ್ತೂಲು ಕೈಕೊಡುತ್ತದೆ, ಭಯದಿಂದ ವಾಂತಿ ಮಾಡಿಕೊಳ್ಳುತ್ತಾನೆ. ಬ್ಯಾರಿ ತನ್ನ ಸರದಿಯಲ್ಲಿ ಬೇಕೆಂದೇ ನೆಲಕ್ಕೆ ಗುಂಡು ಹಾರಿಸುತ್ತಾನೆ. ಇಡೀ ಚಿತ್ರದಲ್ಲಿ ಅವನು ಮಾಡುವ ಉದಾತ್ತ ಕೆಲಸಗಳಲ್ಲಿ ಒಂದು ಇದು, ಅದಕ್ಕೆ ಅವನು ತೆರುವ ಬೆಲೆ ಒಂದು ಕಾಲು. ವಿಧಿವಿಧಾನದ ಪ್ರತಿಯೊಂದು ಹೆಜ್ಜೆಗೂ ಕುಬ್ರಿಕ್ ಕೊಡುವ ಸಮಯವೇ ಇಲ್ಲಿ ನಮ್ಮ ಎದೆಬಡಿತವನ್ನು ಹೆಚ್ಚಿಸುತ್ತದೆ.

ಬುಲಿಂಗ್ಡನ್ ಪಾತ್ರ ವಹಿಸಿದ ಲಿಯೊನ್ ವಿಟಾಲಿ ಈ ಚಿತ್ರದ ಅನುಭವದಿಂದ ಎಷ್ಟು ಸೆಳೆಯಲ್ಪಟ್ಟರೆಂದರೆ, ನಟನೆಯ ಭವಿಷ್ಯವನ್ನು ಬದಿಗಿಟ್ಟು ಮುಂದೆ ಕುಬ್ರಿಕ್ ಬದುಕಿರುವವರೆಗೂ ಅವರ ಸಹಾಯಕರಾಗಿ ದುಡಿದರು. ಒಬ್ಬ ನಿರ್ದೇಶಕರ ಪರಿಪೂರ್ಣತೆ ಎಷ್ಟು ಜನರ ಮೌನ ದುಡಿಮೆಯ ಮೇಲೆ ನಿಂತಿರುತ್ತದೆ ಎಂಬುದನ್ನು ಅಭಿಮಾನಿಗಳು ಮರೆಯಬಾರದು.

ಕಿವಿಗೂ ಕೆಲಸ ಕೊಡಿ

ಕುಬ್ರಿಕ್ ಚಿತ್ರಗಳ ಬಗ್ಗೆ ಮಾತನಾಡುವಾಗ ಎಲ್ಲರೂ ಕಣ್ಣಿನ ಬಗ್ಗೆಯೇ ಹೇಳುತ್ತಾರೆ. ‘ದಿ ಶೈನಿಂಗ್’ನಲ್ಲಿ ಪುಟ್ಟ ಡ್ಯಾನಿ ಹೋಟೆಲಿನ ಮೊಗಸಾಲೆಗಳಲ್ಲಿ ಮೂರು ಚಕ್ರದ ಸೈಕಲ್ ಓಡಿಸುವ ದೃಶ್ಯವನ್ನು ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿ. ಮರದ ನೆಲದ ಮೇಲೆ ಚಕ್ರಗಳ ಗಡಗಡ, ಜಮಖಾನೆ ಬಂದೊಡನೆ ಶಬ್ದ ಉಡುಗಿಹೋಗುತ್ತದೆ, ಮತ್ತೆ ಮರ, ಮತ್ತೆ ಗಡಗಡ. ಭಯ ಹುಟ್ಟುವುದು ಆ ಏರಿಳಿತದಲ್ಲಿ. ಆಮೇಲೆ ಅದನ್ನೇ ಸದ್ದು ನಿಲ್ಲಿಸಿ ನೋಡಿ: ನಡೆಯುವಾಗಲೂ ಕ್ಯಾಮೆರಾ ಕುಲುಕದಂತೆ ಹಿಡಿಯುವ, ಆಗಿನ್ನೂ ಹೊಸದಾಗಿದ್ದ ಸ್ಟೆಡಿಕ್ಯಾಮ್ ಎಂಬ ಸಾಧನವನ್ನು ಅದರ ನಿರ್ಮಾತೃ ಗ್ಯಾರೆಟ್ ಬ್ರೌನ್ ಅವರೇ ನಿರ್ವಹಿಸಿ, ಕ್ಯಾಮೆರಾವನ್ನು ನೆಲಕ್ಕೆ ತಾಗುವಷ್ಟು ಕೆಳಗಿಟ್ಟು ಮಗುವಿನ ಹಿಂದೆ ಸಾಗಿಸಿದ್ದಾರೆ. ಎರಡನ್ನೂ ಬೇರೆ ಬೇರೆಯಾಗಿ ಅನುಭವಿಸಿ ಮತ್ತೆ ಒಟ್ಟಿಗೆ ನೋಡಿದರೆ ದೃಶ್ಯ ಹೊಸದಾಗಿ ತೆರೆದುಕೊಳ್ಳುತ್ತದೆ. ‘2001’ರಲ್ಲಿ ಗಗನಯಾತ್ರಿ ನೌಕೆಯ ಹೊರಗಿರುವಾಗ ಕೇಳಿಸುವ ಉಸಿರಾಟದ ಸದ್ದಿಗೂ, ಅದು ಇಲ್ಲವಾಗುವ ಗಳಿಗೆಗೂ ಇದೇ ರೀತಿ ಕಿವಿಗೊಡಿ.

ಟೇಕ್‌ಗಳ ಲೆಕ್ಕ ಮತ್ತು ಗುಪ್ತಾರ್ಥಗಳ ಬೇಟೆ

ಎಷ್ಟು ಟೇಕ್‌ಗಳಾದವು ಎಂಬ ಅಂಕಿಗಳು ಬಾಯಿಂದ ಬಾಯಿಗೆ ಬೆಳೆಯುತ್ತಾ ಹೋಗಿವೆ, ಅವುಗಳನ್ನು ಅಷ್ಟಾಗಿ ನಂಬುವ ಅಗತ್ಯವಿಲ್ಲ. ಅದಕ್ಕಿಂತ ತಿಳಿಯಬೇಕಾದ ವಿಷಯ, ಆ ಶ್ರಮ ಯಾವುದಕ್ಕೆ ಸಂದಿತು ಎಂಬುದು. ‘ದಿ ಶೈನಿಂಗ್’ನಲ್ಲಿ ಕಥಾನಾಯಕ ಜ್ಯಾಕ್ ಟೈಪ್ ಮಾಡಿದ ಹಾಳೆಗಳ ಕಟ್ಟನ್ನು ಹೆಂಡತಿ ತಿರುವಿ ಹಾಕುವ ದೃಶ್ಯವಿದೆ. ಒಂದೇ ಗಾದೆ ಪುಟಪುಟದಲ್ಲಿಯೂ ಮರುಕಳಿಸುತ್ತದೆ. ಇಟಲಿ, ಜರ್ಮನಿ ಮುಂತಾದ ಕಡೆಗಳ ಪ್ರದರ್ಶನಕ್ಕಾಗಿ ಆಯಾ ಭಾಷೆಯ ಬೇರೆ ಬೇರೆ ಗಾದೆಗಳನ್ನು ಆರಿಸಿ ಹಾಳೆಗಳನ್ನೇ ಪ್ರತ್ಯೇಕವಾಗಿ ಟೈಪ್ ಮಾಡಿಸಿ ಚಿತ್ರಿಸಲಾಗಿತ್ತು. ಆ ಗಾಬರಿ ಹೆಂಡತಿಗೆ ಆದಷ್ಟೇ ನೇರವಾಗಿ ನೋಡುಗರಿಗೂ ಆಗಬೇಕೆಂದರೆ ಅವರು ಅದನ್ನು ತಮ್ಮ ಭಾಷೆಯಲ್ಲಿಯೇ ಓದಬೇಕಿತ್ತು.

ಇದೇ ಚಿತ್ರದ ನಿರ್ಮಾಣದ ಬಗ್ಗೆ ಕುಬ್ರಿಕ್ ಅವರ ಮಗಳು ವಿವಿಯನ್ ತೆಗೆದ ಸಾಕ್ಷ್ಯಚಿತ್ರದಲ್ಲಿ, ಅವರು ನಟಿ ಶೆಲ್ಲಿ ಡುವಾಲ್ ಮೇಲೆ ಎಲ್ಲರೆದುರು ರೇಗುವುದು ದಾಖಲಾಗಿದೆ. ಅದನ್ನು ನೋಡಿ. ಮಹಾನ್ ಕಲಾವಿದರೆಂಬ ಕಾರಣಕ್ಕೆ ಅಂಥ ನಡವಳಿಕೆಯನ್ನು ಸಮರ್ಥಿಸಿಕೊಳ್ಳುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಚಿತ್ರದಲ್ಲಿ ಡುವಾಲ್ ಅವರ ಅಭಿನಯವನ್ನು ಹೊಗಳುವಾಗ ಹೊಗಳಿಕೆ ಮೊದಲು ಅವರಿಗೆ ಸಲ್ಲಬೇಕು.

ಇನ್ನೊಂದು ಎಚ್ಚರಿಕೆ. ಹಿನ್ನೆಲೆಯ ಡಬ್ಬಿಗಳು, ಕುರ್ಚಿಗಳು, ಕೋಣೆಯ ಸಂಖ್ಯೆಗಳಲ್ಲಿ ರಹಸ್ಯ ಸಂದೇಶಗಳನ್ನು ಹುಡುಕುವ ಗೀಳು ಈ ಚಿತ್ರಗಳ ಸುತ್ತ ಬೆಳೆದಿದೆ. ಚಂದ್ರನ ಮೇಲೆ ಮನುಷ್ಯ ಇಳಿದದ್ದನ್ನು ಕುಬ್ರಿಕ್ ಅವರೇ ಸ್ಟುಡಿಯೊದಲ್ಲಿ ಚಿತ್ರಿಸಿದರೆಂಬ ಆಧಾರವಿಲ್ಲದ ಸುದ್ದಿಯೂ ಅದರ ಜೊತೆಗೆ ಓಡಾಡುತ್ತದೆ. ಎಲ್ಲವನ್ನೂ ಯೋಚಿಸಿ ಇಟ್ಟಿದ್ದಾರೆ ಎಂಬುದರಿಂದ ಎಲ್ಲವೂ ಸಂಕೇತವೆಂದು ಆಗುವುದಿಲ್ಲ. ‘ದಿ ಶೈನಿಂಗ್’ನ ಆರಂಭದ ವೈಮಾನಿಕ ಚಿತ್ರಣದಲ್ಲಿ, ಚೌಕಟ್ಟು ದೊಡ್ಡದಾಗಿರುವ ಪ್ರತಿಗಳಲ್ಲಿ, ಹೆಲಿಕಾಪ್ಟರಿನ ನೆರಳು ಕಾಣುತ್ತದೆ. ಅದು ನೆರಳು, ಅಷ್ಟೇ.

ಕೊನೆಗೆ ಉಳಿಸಿಕೊಳ್ಳಬೇಕಾದದ್ದು

‘ಐಸ್ ವೈಡ್ ಶಟ್’ ಚಿತ್ರವನ್ನು ಉಳಿದವುಗಳನ್ನೆಲ್ಲ ನೋಡಿದ ಮೇಲೆಯೇ ನೋಡಿ. ನ್ಯೂಯಾರ್ಕ್ ಬೀದಿಗಳನ್ನು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೊದಲ್ಲಿ ಕಟ್ಟಿ, ವರ್ಷಕ್ಕೂ ಮೀರಿ ಚಿತ್ರೀಕರಿಸಿದ ಸಿನಿಮಾ ಅದು. ಒಬ್ಬ ವೈದ್ಯನ ಒಂದು ರಾತ್ರಿಯ ಅಲೆದಾಟ ಕನಸೋ ನನಸೋ ಎಂದು ತಿಳಿಯದಂತೆ ಸಾಗುತ್ತದೆ. ಆ ಬೀದಿಗಳು ಸ್ವಲ್ಪ ಕೃತಕವಾಗಿ ಕಂಡರೆ ಅದನ್ನು ಕೊರತೆಯೆಂದು ತಳ್ಳಿಹಾಕದೆ, ಕಥೆಗೆ ಅದು ಹೊಂದುತ್ತದೆಯೇ ಎಂದು ಯೋಚಿಸಿ. ಹೊಂದುತ್ತದೆ ಎಂಬುದು ನನ್ನ ಅನಿಸಿಕೆ. ಸ್ಟುಡಿಯೊದ ಮುಖ್ಯಸ್ಥರಿಗೆ ಚಿತ್ರವನ್ನು ತೋರಿಸಿದ ಕೆಲವೇ ದಿನಗಳಲ್ಲಿ, 1999ರ ಮಾರ್ಚ್ 7ರಂದು, ಕುಬ್ರಿಕ್ ತೀರಿಕೊಂಡರು, ಚಿತ್ರ ಜುಲೈನಲ್ಲಿ ತೆರೆ ಕಂಡಿತು. ಅಮೆರಿಕದ ಸೆನ್ಸಾರ್ ದರ್ಜೆಗಾಗಿ ಮುಖವಾಡದ ಸಮಾರಂಭದ ದೃಶ್ಯದಲ್ಲಿ ಕೆಲವು ಆಕೃತಿಗಳನ್ನು ಕಂಪ್ಯೂಟರಿನಲ್ಲಿ ರಚಿಸಿ, ಹಿಂದಿನದು ಕಾಣದಂತೆ ಅಡ್ಡ ನಿಲ್ಲಿಸಲಾಯಿತು. ಆದ್ದರಿಂದ ಆ ಆಕೃತಿಗಳಿಲ್ಲದ ಪ್ರತಿಯನ್ನೇ ಹುಡುಕಿ ನೋಡಿ. ಅವು ಇರುವ ಪ್ರತಿಯೇ ಸಿಕ್ಕಿದರೆ, ಆ ದೃಶ್ಯದಲ್ಲಿ ಕದಲದೆ ಬೆನ್ನು ತಿರುಗಿಸಿ ನಿಂತವರು ಕುಬ್ರಿಕ್ ಇಟ್ಟವರಲ್ಲ ಎಂಬುದನ್ನು ತಿಳಿದುಕೊಂಡು ನೋಡಿ.